ಮಲ ಪರೀಕ್ಷೆ ಪಾಸಿಟಿವ್ ಬಂದಿದೆ, ಕೊಲೊನೋಸ್ಕೋಪಿ ಮಾಡಿಸಲೇಬೇಕಾ?

ಪ್ರಶ್ನೆ: ನನಗೆ 51 ವರ್ಷ. ಯಾವ ತೊಂದರೆಯೂ ಇಲ್ಲ. ಆರೋಗ್ಯ ತಪಾಸಣೆಗೆ ಹೋದಾಗ ಮಲದಲ್ಲಿ ರಕ್ತ ಇದೆಯಾ ಎಂದು ನೋಡುವ ಎಫ್‌ಐಟಿ ಪರೀಕ್ಷೆಯನ್ನೂ ಮಾಡಿಸಿದೆ. ಪಾಸಿಟಿವ್ ಬಂತು. ಕೊಲೊನೋಸ್ಕೋಪಿ (ಗುದದ ಮೂಲಕ ಕ್ಯಾಮೆರಾ ಇರುವ ಟ್ಯೂಬು ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಿ ಎಂದು ಡಾಕ್ಟರ್ ಹೇಳಿದ್ದಾರೆ. ನನಗೆ ಹತ್ತು ವರ್ಷದಿಂದ ಮೂಲವ್ಯಾಧಿ ಇದೆ. ರಕ್ತ ಅಲ್ಲಿಂದಲೇ ಬಂದಿರಬಹುದು, ಇನ್ನೊಂದು ಸಲ ಮಲ ಪರೀಕ್ಷೆ ಮಾಡಿಸಿ ನೋಡೋಣ ಎಂದುಕೊಂಡಿದ್ದೇನೆ. ಯುರೋಪಿನ ಒಂದು ದೊಡ್ಡ ಅಧ್ಯಯನದಲ್ಲಿ ಕೊಲೊನೋಸ್ಕೋಪಿಯಿಂದ ಸಾವು ಕಡಿಮೆ ಆಗಲಿಲ್ಲ ಎಂದೂ ಓದಿದೆ. ಹಾಗಾದರೆ ಯಾಕೆ ಮಾಡಿಸಬೇಕು? ಮಾಡಿಸಲೇಬೇಕು ಅಂದರೆ ಎಐ ಇರುವ ಕಡೆ ಹೋದರೆ ಒಳ್ಳೆಯದಾ? ನನಗಿಂತ 7 ವರ್ಷ ಚಿಕ್ಕವನಾದ ತಮ್ಮನಿದ್ದಾನೆ. ಅವನೂ ಮಾಡಿಸಬೇಕಾ?

ಉತ್ತರ: ಸುತ್ತು ಬಳಸದೆ ಹೇಳಿಬಿಡುತ್ತೇನೆ. ಮಾಡಿಸಿ. ಇನ್ನೊಂದು ಮಲ ಪರೀಕ್ಷೆ ಬೇಡ. ಒಂದೆರಡು ತಿಂಗಳೊಳಗೆ ಮುಗಿಸಿಕೊಳ್ಳಿ. ನೀವು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತೇನೆ. ಆದರೆ ನೀವು ಕೇಳದೇ ಬಿಟ್ಟ ಒಂದು ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ: ಈ ಪರೀಕ್ಷೆಯನ್ನು ಯಾರು, ಎಷ್ಟು ನಿಧಾನವಾಗಿ, ಎಷ್ಟು ಕ್ಲೀನಾದ ಕರುಳಿನಲ್ಲಿ ಮಾಡುತ್ತಾರೆ? ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮೂಲವ್ಯಾಧಿ. ಪಾಸಿಟಿವ್ ಬಂದವರು ನನ್ನೆದುರು ಕೂತು ಹೇಳುವ ಮೊದಲ ಮಾತೇ ಇದು: "ಡಾಕ್ಟ್ರೇ, ಅದು ಪೈಲ್ಸ್‌ದೇ ಇರ್ಬೇಕು." ಇರಬಹುದು. ಆದರೆ ಮೂಲವ್ಯಾಧಿ ಇದ್ದವರಿಗೆ ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಹುಟ್ಟುವ ಬೆಳವಣಿಗೆ) ಬರುವುದಿಲ್ಲ ಅಂತೇನೂ ಇಲ್ಲವಲ್ಲ. ಎರಡೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರನ್ನು ಹಿಡಿಯುತ್ತವೆ. ಒಬ್ಬರಲ್ಲೇ ಎರಡೂ ಇರುವುದನ್ನು ನಾವು ದಿನಾ ನೋಡುತ್ತೇವೆ. ಮಲದಲ್ಲಿ ಸಿಕ್ಕ ರಕ್ತದ ಮೇಲೆ ಅದು ಎಲ್ಲಿಂದ ಬಂತು ಎಂದು ವಿಳಾಸ ಬರೆದಿರುವುದಿಲ್ಲ.

ಎಫ್‌ಐಟಿ ಎಂದರೆ ಏನು ಎಂದು ಸ್ವಲ್ಪ ಹೇಳಬೇಕು. (ಫಿಟ್ಸ್‌ಗೂ ಇದಕ್ಕೂ ಸಂಬಂಧವಿಲ್ಲ. ಫಿಟ್ ಪಾಸಿಟಿವ್ ಎಂದು ಕೇಳಿಸಿಕೊಂಡು ಒಬ್ಬರು ನರರೋಗ ತಜ್ಞರ ಹತ್ತಿರ ಹೋಗಿ ಬಂದಿದ್ದರು.) ಮನುಷ್ಯನ ರಕ್ತದಲ್ಲಿರುವ ಗ್ಲೋಬಿನ್ ಎಂಬ ಪ್ರೋಟೀನನ್ನು ಮಾತ್ರ ಈ ಪರೀಕ್ಷೆ ಹಿಡಿಯುತ್ತದೆ. ಹೊಟ್ಟೆಯಲ್ಲಿ ಅಥವಾ ಸಣ್ಣ ಕರುಳಿನ ಮೇಲ್ಭಾಗದಲ್ಲಿ ರಕ್ತ ಒಸರಿದರೆ ಆ ಪ್ರೋಟೀನು ದಾರಿಯಲ್ಲೇ ಜೀರ್ಣವಾಗಿ ಹೋಗುತ್ತದೆ. ಹಾಗಾಗಿ ಪಾಸಿಟಿವ್ ಬಂದರೆ ಬೆರಳು ತೋರಿಸುವುದು ಹೆಚ್ಚಾಗಿ ದೊಡ್ಡ ಕರುಳಿನ ಕಡೆಗೇ. ಮಲದಲ್ಲಿ ರಕ್ತ ನೋಡುವ ಹಳೆಯ ಗ್ವಾಯಕ್ ಪರೀಕ್ಷೆಯಲ್ಲಿ ಮಾಂಸ ತಿಂದರೂ ಪಾಸಿಟಿವ್ ಬರುವ ಗೋಳಿತ್ತು. ಇದರಲ್ಲಿ ಆ ಪಥ್ಯ ಬೇಕಿಲ್ಲ.

ಇನ್ನೊಮ್ಮೆ ಮಾಡಿಸಿದರೆ ಏನಾಗುತ್ತದೆ? ಪಾಸಿಟಿವ್ ಬಂದರೆ ನೀವು ಇವತ್ತು ನಿಂತಿರುವ ಜಾಗದಲ್ಲೇ ಇರುತ್ತೀರಿ, ಒಂದಿಷ್ಟು ದಿನ ಕಳೆದಿರುತ್ತದೆ ಅಷ್ಟೇ. ನೆಗೆಟಿವ್ ಬಂದರೆ ತೊಂದರೆ ಶುರು. ಗೆಡ್ಡೆಯಾಗಲಿ ಪಾಲಿಪ್ ಆಗಲಿ ದಿನಾ ರಕ್ತ ಒಸರುವುದಿಲ್ಲ. ಒಂದು ದಿನ ಒಸರುತ್ತದೆ, ನಾಲ್ಕು ದಿನ ಸುಮ್ಮನಿರುತ್ತದೆ. ಅಮೆರಿಕದಲ್ಲಿ ಸುಮಾರು 10 ಸಾವಿರ ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲರಿಗೂ ಎಫ್‌ಐಟಿ, ಆಮೇಲೆ ಎಲ್ಲರಿಗೂ ಕೊಲೊನೋಸ್ಕೋಪಿ ಮಾಡಿದರು. ಒಂದೇ ಸಲದ ಎಫ್‌ಐಟಿ ಹಿಡಿದದ್ದು 100 ಕ್ಯಾನ್ಸರ್‌ಗಳಲ್ಲಿ ಸುಮಾರು 74ನ್ನು. ಕ್ಯಾನ್ಸರ್ ಆಗುವ ದಾರಿಯಲ್ಲಿದ್ದ ದೊಡ್ಡ ಪಾಲಿಪ್‌ಗಳಲ್ಲಿ 100ಕ್ಕೆ ಸುಮಾರು 24 ಮಾತ್ರ. ಅಂದರೆ ನೆಗೆಟಿವ್ ಬಂದ ಮಾತ್ರಕ್ಕೆ ಹಳೆಯ ಪಾಸಿಟಿವ್ ಅಳಿಸಿ ಹೋಗುವುದಿಲ್ಲ. ನಮಗೆ ಬೇಕಾದ ಉತ್ತರ ಬರುವ ತನಕ ನಾಣ್ಯ ಚಿಮ್ಮಿದ ಹಾಗೆ ಆಗುತ್ತದೆ.

ಇದನ್ನು ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಇಟಲಿಯ ವೆನೆಟೊ ಪ್ರದೇಶದಲ್ಲಿ ಎಫ್‌ಐಟಿ ಪಾಸಿಟಿವ್ ಬಂದ 1 ಲಕ್ಷಕ್ಕೂ ಹೆಚ್ಚು ಮಂದಿಯನ್ನು ವರ್ಷಗಟ್ಟಲೆ ಗಮನಿಸಿ 2022ರಲ್ಲಿ ಲೆಕ್ಕ ಕೊಟ್ಟರು. ಕೊಲೊನೋಸ್ಕೋಪಿಗೆ ಬರದೇ ಉಳಿದವರು ಕರುಳಿನ ಕ್ಯಾನ್ಸರ್‌ನಿಂದ ಸತ್ತದ್ದು, ಬಂದವರ ಎರಡು ಪಟ್ಟು. ಎಷ್ಟು ತಡ ಮಾಡಬಹುದು ಎಂಬುದನ್ನೂ ನೋಡಿದವರಿದ್ದಾರೆ. ಅಮೆರಿಕದ 2017ರ ಒಂದು ದೊಡ್ಡ ಅಧ್ಯಯನದಲ್ಲಿ ಹತ್ತು ತಿಂಗಳು ದಾಟಿದವರಲ್ಲಿ ಅಪಾಯ ಸ್ಪಷ್ಟವಾಗಿ ಏರಿತ್ತು. ಹಾಗಾಗಿ ನಾಳೆ ಬೆಳಿಗ್ಗೆಯೇ ಓಡಬೇಕಿಲ್ಲ. ಮುಂದಿನ ವರ್ಷ ನೋಡೋಣ ಅನ್ನುವುದೂ ಸರಿಯಲ್ಲ.

ಧೈರ್ಯಕ್ಕೆ ಒಂದು ಮಾತು. ಎಫ್‌ಐಟಿ ಪಾಸಿಟಿವ್ ಬಂದವರಲ್ಲಿ ನಿಜವಾಗಿ ಕ್ಯಾನ್ಸರ್ ಇರುವುದು ನೂರರಲ್ಲಿ ಬೆರಳೆಣಿಕೆಯಷ್ಟು ಮಂದಿಗೆ. ಹೆಚ್ಚಾಗಿ ಸಿಗುವುದು ಪಾಲಿಪ್. ಇಲ್ಲವೇ ಏನೂ ಇಲ್ಲ. ಪಾಲಿಪ್ ಸಿಕ್ಕರೆ ಅಲ್ಲೇ, ಆಗಲೇ ತೆಗೆಯಬಹುದು. ಇದು ಈಗ ಮಾಮೂಲು ಅನಿಸುತ್ತದೆ. 1969ರ ತನಕ ಕರುಳಿನ ಒಳಭಾಗದಲ್ಲಿದ್ದ ಪಾಲಿಪ್ ತೆಗೆಯಬೇಕೆಂದರೆ ಹೊಟ್ಟೆ ಕೊಯ್ಯಲೇಬೇಕಿತ್ತು. ಆ ವರ್ಷ ನ್ಯೂಯಾರ್ಕಿನಲ್ಲಿ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಎಂಬ ವೈದ್ಯರು ಕೊಲೊನೋಸ್ಕೋಪಿನ ಒಳಗಿಂದ ತಂತಿಯ ಕುಣಿಕೆ ತೂರಿಸಿ ಪಾಲಿಪ್ ತೆಗೆದು ತೋರಿಸಿದರು. ಕುಣಿಕೆಯ ಆ ಉಪಾಯ ಇವತ್ತಿಗೂ ಹಾಗೇ ಇದೆ. ನಾವು ಸಣ್ಣ ಪಾಲಿಪ್‌ಗಳಿಗೆ ಈಗ ಕರೆಂಟು ಕೂಡ ಕೊಡುವುದಿಲ್ಲ, ಕುಣಿಕೆ ಬಿಗಿದು ಹಾಗೇ ಕತ್ತರಿಸುತ್ತೇವೆ.

ಈಗ ಯುರೋಪಿನ ಅಧ್ಯಯನ. ನೀವು ಓದಿದ್ದು ನಾರ್ಡಿಕ್ ಎಂದು ಕರೆಯುವ ಅಧ್ಯಯನ ಇರಬೇಕು. ಫಲಿತಾಂಶ 2022ರಲ್ಲಿ ಬಂತು. ಸುದ್ದಿಯವರು ಅದನ್ನು ಒಂದು ಸಾಲಿಗೆ ಇಳಿಸಿದರು, ಆ ಸಾಲು ಎಲ್ಲ ಕಡೆ ಹರಡಿತು. ಅಧ್ಯಯನ ಚೆನ್ನಾಗಿಯೇ ಇತ್ತು. ಓದಿದ ರೀತಿ ಸರಿ ಇರಲಿಲ್ಲ.

ಪೋಲೆಂಡ್, ನಾರ್ವೆ, ಸ್ವೀಡನ್ ದೇಶಗಳ 55ರಿಂದ 64 ವಯಸ್ಸಿನ ಸುಮಾರು 85 ಸಾವಿರ ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 28 ಸಾವಿರ ಮಂದಿಗೆ ಕೊಲೊನೋಸ್ಕೋಪಿಗೆ ಬನ್ನಿ ಎಂದು ಪತ್ರ ಹೋಯಿತು. ಉಳಿದವರಿಗೆ ಪತ್ರ ಇಲ್ಲ. ಪತ್ರ ಸಿಕ್ಕವರಲ್ಲಿ ಬಂದದ್ದು 42% ಮಾತ್ರ. ಹತ್ತು ವರ್ಷದ ಮೇಲೆ ಹೋಲಿಸಿದ್ದು ಪತ್ರ ಸಿಕ್ಕವರೆಲ್ಲರನ್ನೂ ಸಿಗದವರ ಜೊತೆ. ಅರ್ಧಕ್ಕಿಂತ ಜಾಸ್ತಿ ಜನ ಪರೀಕ್ಷೆಯನ್ನೇ ಮಾಡಿಸಿಕೊಂಡಿರಲಿಲ್ಲ, ಆದರೂ ಅವರ ಲೆಕ್ಕ ಕೊಲೊನೋಸ್ಕೋಪಿ ಗುಂಪಿನ ಖಾತೆಗೇ ಬಿತ್ತು. ಹಾಗೆ ನೋಡಿದರೂ ಕ್ಯಾನ್ಸರ್ 1.20%ರಿಂದ 0.98%ಕ್ಕೆ ಇಳಿದಿತ್ತು. ಸಾವು 0.31%ರಿಂದ 0.28%ಕ್ಕೆ. ಸಾವಿನ ಇಳಿಕೆ ಅಂಕಿಅಂಶದ ಪ್ರಕಾರ ಗಟ್ಟಿ ಎನ್ನುವಷ್ಟು ಇರಲಿಲ್ಲ. ಸುದ್ದಿಯಾದದ್ದು ಇದೇ.

ನಿಜವಾಗಿ ಪರೀಕ್ಷೆ ಮಾಡಿಸಿಕೊಂಡಿದ್ದರೆ ಎಷ್ಟು ಇಳಿಯುತ್ತಿತ್ತು ಎಂದೂ ಅವರು ಅಂದಾಜು ಮಾಡಿದರು. ಕ್ಯಾನ್ಸರ್ ಸುಮಾರು 31% ಕಡಿಮೆ, ಅದರಿಂದ ಸಾವು ಸುಮಾರು ಅರ್ಧ. ಈ ಅಂದಾಜನ್ನು ನಾನು ಕಣ್ಣು ಮುಚ್ಚಿ ನಂಬುವುದಿಲ್ಲ. ಪತ್ರ ಬಂದ ಕೂಡಲೇ ಪರೀಕ್ಷೆಗೆ ಬರುವವರು ಮೊದಲೇ ಆರೋಗ್ಯದ ಬಗ್ಗೆ ಜಾಗ್ರತೆ ಇರುವವರು, ಅಲ್ವಾ? ಸತ್ಯ ಎರಡರ ನಡುವೆ ಎಲ್ಲೋ ಇದೆ. ಜೊತೆಗೆ ಪಾಲಿಪ್ ಕ್ಯಾನ್ಸರ್ ಆಗಲು ಹತ್ತು ವರ್ಷವೋ ಅದಕ್ಕಿಂತ ಜಾಸ್ತಿಯೋ ಬೇಕು. ಹತ್ತೇ ವರ್ಷದಲ್ಲಿ ಸಾವಿನ ಲೆಕ್ಕ ಹಾಕಿದರೆ ಪೂರ್ತಿ ಲಾಭ ಕಾಣುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಆ ಪತ್ರ ಹೋದದ್ದು ಯಾವ ಸುಳಿವೂ ಇಲ್ಲದ ಜನಕ್ಕೆ. ನಿಮ್ಮ ಕೈಯಲ್ಲಿ ಸುಳಿವು ಇದೆ. ಆ ಅಧ್ಯಯನ ನಿಮ್ಮಂಥವರ ಬಗ್ಗೆ ಏನೂ ಹೇಳುವುದಿಲ್ಲ.

ಸುಳಿವೇ ಇಲ್ಲದವರು ನೇರ ಕೊಲೊನೋಸ್ಕೋಪಿಗೆ ಹೋಗಬೇಕಾ, ಮಲ ಪರೀಕ್ಷೆಯಿಂದ ಶುರು ಮಾಡಬೇಕಾ ಎನ್ನುವುದು ಬೇರೆ ಚರ್ಚೆ. ಅದರ ಬಗ್ಗೆ ಸ್ಪೇನಿನ ಕೊಲೊನ್‌ಪ್ರೆವ್ ಅಧ್ಯಯನದ ಫಲಿತಾಂಶ 2025ರಲ್ಲಿ ಬಂತು. ಎರಡು ವರ್ಷಕ್ಕೊಮ್ಮೆ ಎಫ್‌ಐಟಿಗೆ ಕರೆದರೂ, ಒಂದೇ ಸಲ ಕೊಲೊನೋಸ್ಕೋಪಿಗೆ ಕರೆದರೂ, ಹತ್ತು ವರ್ಷದಲ್ಲಿ ಕರುಳಿನ ಕ್ಯಾನ್ಸರ್ ಸಾವು ಹೆಚ್ಚುಕಡಿಮೆ ಒಂದೇ. ಎಫ್‌ಐಟಿಗೆ ಬರುವವರೇ ಜಾಸ್ತಿ. ನನಗಂತೂ ಈ ಫಲಿತಾಂಶ ಖುಷಿ ಕೊಟ್ಟಿತು. ಮನೆಯಲ್ಲೇ ಕೂತು ಕಡ್ಡಿಯಲ್ಲಿ ಮಾದರಿ ತೆಗೆದು ಕೊಡುವುದು ಎಲ್ಲರ ಕೈಲೂ ಆಗುತ್ತದೆ. ಆದರೆ ಆ ಲೆಕ್ಕದಲ್ಲಿ ಒಂದು ಷರತ್ತು ಅಡಗಿದೆ: ಪಾಸಿಟಿವ್ ಬಂದವರು ಕೊಲೊನೋಸ್ಕೋಪಿಗೆ ಬರಬೇಕು. ಅರ್ಧ ದಾರಿಯಲ್ಲಿ ನಿಂತರೆ ಎಫ್‌ಐಟಿ ಮಾಡಿಸಿದ್ದಕ್ಕೆ ಅರ್ಥವೇ ಇಲ್ಲ.

ಇನ್ನು ನೀವು ಕೇಳದ ಪ್ರಶ್ನೆ.

ಕೊಲೊನೋಸ್ಕೋಪಿ ಅಂದರೆ ಟ್ಯೂಬು ಒಳಗೆ ಹೋಗುವುದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಒಳಗೆ ಹೋಗುವುದು ಬರೀ ಪ್ರಯಾಣ. ಸುಮಾರು ಒಂದೂವರೆ ಮೀಟರ್ ಕರುಳಿನ ಆ ತುದಿಯನ್ನು, ಅಂದರೆ ಅಪೆಂಡಿಕ್ಸ್‌ನ ಬಾಯಿ ಕಾಣುವ ಸೀಕಮ್ ಎಂಬ ಜಾಗವನ್ನು ಮುಟ್ಟಿ, ಅಲ್ಲಿಂದ ಹಿಂದಕ್ಕೆ ಎಳೆದುಕೊಂಡು ಬರುವಾಗ ನಿಜವಾದ ಪರೀಕ್ಷೆ ನಡೆಯುತ್ತದೆ. ಕರುಳು ನೇರವಾದ ಕೊಳವೆ ಅಲ್ಲ. ಒಳಗೆಲ್ಲ ಮಡಿಕೆ. ಪ್ರತಿ ಮಡಿಕೆಯ ಹಿಂದೆ ಒಂದು ಮರೆ. ಕ್ಯಾಮೆರಾದ ತುದಿ ಬಗ್ಗಿಸಿ, ಮಡಿಕೆ ಒತ್ತಿ, ಆ ಮರೆಯಲ್ಲಿ ಇಣುಕಬೇಕು. ನೀರು ಬಿಟ್ಟು ತೊಳೆಯಬೇಕು, ಹೀರಬೇಕು, ಮತ್ತೆ ನೋಡಬೇಕು.

ಒಂದು ಉದಾಹರಣೆ ಹೇಳುತ್ತೇನೆ. ಬಲಭಾಗದ ಕರುಳಿನಲ್ಲಿ, ಲಿವರ್ ಕೆಳಗಿನ ತಿರುವಿನ ಹತ್ತಿರ, ಒಂದು ಕಡೆ ಸ್ವಲ್ಪ ಹಳದಿ ಲೋಳೆ ಅಂಟಿಕೊಂಡಿದೆ. ಸುತ್ತಲೂ ಸ್ವಚ್ಛ. ಅವಸರದಲ್ಲಿದ್ದರೆ ಲೋಳೆ ಅಷ್ಟೇ ಎಂದು ದಾಟಿ ಹೋಗುತ್ತೀರಿ. ತೊಳೆದು ನೋಡಿದರೆ ಅಡಿಯಲ್ಲಿ ಚಪ್ಪಟೆಯಾದ, ಮೋಡದಂತೆ ಅಂಚು ಸರಿಯಾಗಿ ಕಾಣದ ಒಂದು ತೇಪೆ. ಸುತ್ತಲಿನ ಒಳಪದರದಲ್ಲಿ ಓಡುವ ಸಣ್ಣ ರಕ್ತನಾಳಗಳು ಅದರ ಅಂಚಿಗೆ ಬಂದು ಥಟ್ಟನೆ ಮಾಯ. ಇದು ಸೆಸೈಲ್ ಸೆರೇಟೆಡ್ ಎಂಬ ಜಾತಿಯದು. ಚೆಂಡಿನಂತೆ ಎದ್ದು ನಿಲ್ಲುವ ಪಾಲಿಪ್ ಯಾರ ಕಣ್ಣಿಗೂ ಬೀಳುತ್ತದೆ. ಇಂಥದ್ದು ಹುಡುಕುವವರಿಗೆ ಮಾತ್ರ ಸಿಗುತ್ತದೆ. ಇದು ರಕ್ತ ಒಸರುವುದೂ ಕಡಿಮೆ, ಹಾಗಾಗಿ ಎಫ್‌ಐಟಿ ಕೂಡ ಇದನ್ನು ಸುಲಭವಾಗಿ ಹಿಡಿಯುವುದಿಲ್ಲ.

ಹುಡುಕುವ ಕೈಯಲ್ಲಿ ಎಷ್ಟು ವ್ಯತ್ಯಾಸ ಇದೆ ಎಂಬುದನ್ನು ಸಂಶೋಧಕರು ಲೆಕ್ಕ ಹಾಕಿಟ್ಟಿದ್ದಾರೆ, ವೈದ್ಯರಾದ ನಮಗೆ ಸ್ವಲ್ಪ ಮುಜುಗರ ಆಗುವ ಹಾಗೆ. ಅಮೆರಿಕದಲ್ಲಿ 12 ವೈದ್ಯರ ಕೆಲಸ ಅಳೆದು 2006ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ಕ್ಯಾಮೆರಾ ಹಿಂದಕ್ಕೆ ತರಲು ಸರಾಸರಿ 6 ನಿಮಿಷ ಅಥವಾ ಹೆಚ್ಚು ತೆಗೆದುಕೊಂಡವರಿಗೆ 28.3% ಮಂದಿಯಲ್ಲಿ ಗೆಡ್ಡೆ ಇಲ್ಲವೇ ಪಾಲಿಪ್ ಸಿಕ್ಕಿತು. ಅದಕ್ಕಿಂತ ಬೇಗ ಮುಗಿಸಿದವರಿಗೆ 11.8%. ಅದೇ ಊರು, ಅದೇ ಥರದ ಜನ. 2024ರಲ್ಲಿ ಅಲ್ಲಿನ ತಜ್ಞ ಸಂಘಗಳು 6 ನಿಮಿಷ ಸಾಲದು, 8 ಇರಲಿ ಎಂದವು.

ಇನ್ನೊಂದು ಅಳತೆ ಎಡಿಆರ್. ಒಬ್ಬ ವೈದ್ಯರು ತಪಾಸಣೆಗಾಗಿ ಮಾಡಿದ 100 ಕೊಲೊನೋಸ್ಕೋಪಿಗಳಲ್ಲಿ ಎಷ್ಟರಲ್ಲಿ ಒಂದಾದರೂ ಅಡೆನೋಮಾ ಸಿಕ್ಕಿತು ಎಂಬ ಲೆಕ್ಕ. ಅಡೆನೋಮಾ ಎಂದರೆ ಕ್ಯಾನ್ಸರ್ ಆಗಬಲ್ಲ ಜಾತಿಯ ಪಾಲಿಪ್. 2014ರಲ್ಲಿ ಅಮೆರಿಕದ 136 ವೈದ್ಯರ 3 ಲಕ್ಷಕ್ಕೂ ಹೆಚ್ಚು ಕೊಲೊನೋಸ್ಕೋಪಿಗಳನ್ನು ಜಾಲಾಡಿದರು. ಎಡಿಆರ್ 1% ಏರಿದರೆ, ಆ ವೈದ್ಯರ ಹತ್ತಿರ ಪರೀಕ್ಷೆ ಮಾಡಿಸಿದವರಿಗೆ ಮುಂದೆ ಕ್ಯಾನ್ಸರ್ ಬರುವ ಅಪಾಯ 3% ಇಳಿಯುತ್ತಿತ್ತು, ಪ್ರಾಣ ತೆಗೆಯುವ ಕ್ಯಾನ್ಸರ್‌ನ ಅಪಾಯ 5%. ನಾರ್ಡಿಕ್ ಅಧ್ಯಯನದಲ್ಲೂ ಸುಮಾರು 29% ವೈದ್ಯರ ಎಡಿಆರ್ 25%ಕ್ಕಿಂತ ಕೆಳಗಿತ್ತು. ಫಲಿತಾಂಶ ಮಂಕಾದದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ. ಈಗ ಅಮೆರಿಕದಲ್ಲಿ ಇಟ್ಟುಕೊಂಡಿರುವ ಕನಿಷ್ಠ ಗುರಿ 35%. ನಿಮ್ಮ ಹಾಗೆ ಎಫ್‌ಐಟಿ ಪಾಸಿಟಿವ್ ಬಂದವರ ಗುಂಪಿನಲ್ಲಾದರೆ ಅದು ಇನ್ನೂ ಜಾಸ್ತಿಯೇ ಇರಬೇಕು.

ಆದ್ದರಿಂದ ಕೇಳಿ. "ಡಾಕ್ಟ್ರೇ, ನಿಮ್ಮ ಎಡಿಆರ್ ಎಷ್ಟು?" ಎಂದು ಕೇಳಲು ಹಿಂಜರಿಕೆ ಆಗುತ್ತದೆ, ಗೊತ್ತು. ಲೆಕ್ಕ ಇಟ್ಟುಕೊಳ್ಳುವ ವೈದ್ಯರು ಬೇಜಾರು ಮಾಡಿಕೊಳ್ಳುವುದಿಲ್ಲ. ಖುಷಿಯಾಗಿ ಹೇಳುತ್ತಾರೆ. ಅಷ್ಟು ಕೇಳಲು ಆಗದಿದ್ದರೆ, ವರದಿಯಲ್ಲಿ ಸೀಕಮ್‌ನ ಫೋಟೋ ಇರುತ್ತದಾ, ಹಿಂದಕ್ಕೆ ತರಲು ಹಿಡಿದ ಸಮಯ ಬರೆಯುತ್ತೀರಾ ಎಂದಾದರೂ ಕೇಳಿ.

ನಿಮ್ಮ ಕೈಯಲ್ಲಿರುವ ಅರ್ಧ ಕೆಲಸ ಹೊಟ್ಟೆ ಕ್ಲೀನ್ ಮಾಡಿಕೊಳ್ಳುವುದು. ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಕೆಲಸ ಶುರು ಮಾಡಿದ ಹೊಸತರಲ್ಲಿ ಒಬ್ಬರು ಬಂದಿದ್ದರು. ಭೇದಿ ಔಷಧ ಅರ್ಧ ಕುಡಿದು ಬಿಟ್ಟಿದ್ದರು. ಬಲಭಾಗದಲ್ಲೆಲ್ಲ ಕಂದು ನೀರು ನಿಂತಿತ್ತು. ತೊಳೆದಷ್ಟು ತೊಳೆದೆ. ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದರು. "ತಯಾರಿ ಸುಮಾರಾಗಿದೆ, ಬೇರೇನೂ ಕಾಣಲಿಲ್ಲ" ಎಂದು ಬರೆದು ಕಳಿಸಿದೆ. ಒಂದೂವರೆ ವರ್ಷ ಆಗುವ ಹೊತ್ತಿಗೆ ರಕ್ತ ಕಡಿಮೆ ಎಂದು ಅವರು ವಾಪಸ್ ಬಂದರು. ಗೆಡ್ಡೆ ಇದ್ದದ್ದು ಆ ಕಂದು ನೀರು ನಿಂತಿದ್ದ ಜಾಗದಲ್ಲೇ. ಆಪರೇಷನ್ ಆಗಿ ಚೇತರಿಸಿಕೊಂಡರು. ಆದರೆ "ಸುಮಾರಾಗಿದೆ" ಅನ್ನುವ ಪದವನ್ನು ಆಮೇಲೆ ನಾನು ವರದಿಯಲ್ಲಿ ಬರೆದಿಲ್ಲ. ಈಗ ಬಾಸ್ಟನ್ ಅಂಕಪಟ್ಟಿ ಬಳಸುತ್ತೇವೆ. ಕರುಳಿನ ಮೂರು ಭಾಗಕ್ಕೂ 0ರಿಂದ 3ರ ತನಕ ಅಂಕ, ಒಟ್ಟು 9ಕ್ಕೆ. ಯಾವುದಾದರೂ ಭಾಗಕ್ಕೆ 2ಕ್ಕಿಂತ ಕಡಿಮೆ ಬಂದರೆ ಆ ಪರೀಕ್ಷೆಯನ್ನು ನಂಬಿ ಹತ್ತು ವರ್ಷ ಕೂರುವ ಹಾಗಿಲ್ಲ. ಮತ್ತೆ ಮಾಡಬೇಕು.

ಭೇದಿ ಔಷಧವನ್ನು ಎರಡು ಕಂತಿನಲ್ಲಿ ಕುಡಿಯಿರಿ. ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಯ ದಿನ, ಪರೀಕ್ಷೆಗೆ ನಾಲ್ಕಾರು ಗಂಟೆ ಮುಂಚೆ ಶುರು ಮಾಡಿ ಎರಡು ಗಂಟೆ ಇರುವಾಗ ಮುಗಿಸುವ ಹಾಗೆ. ಬೆಳಗಿನ ಜಾವ ಏಳಬೇಕಲ್ಲ ಎಂದು ಕೆಲವರು ಪೂರ್ತಿ ಹಿಂದಿನ ರಾತ್ರಿಯೇ ಕುಡಿದುಬಿಡುತ್ತಾರೆ. ಆಮೇಲೆ ರಾತ್ರಿಯೆಲ್ಲ ಸಣ್ಣ ಕರುಳಿನಿಂದ ಇಳಿದ ಪಿತ್ತ ಮತ್ತು ಲೋಳೆ ಬಲಭಾಗಕ್ಕೆ ಮತ್ತೆ ಮೆತ್ತಿಕೊಳ್ಳುತ್ತದೆ. ಮೇಲೆ ಹೇಳಿದ ಚಪ್ಪಟೆ ಪಾಲಿಪ್‌ಗಳು ಬಚ್ಚಿಟ್ಟುಕೊಳ್ಳುವುದೂ ಅಲ್ಲೇ. ರುಚಿ ಹಿಡಿಸುವುದಿಲ್ಲ, ಸುಳ್ಳು ಹೇಳುವುದಿಲ್ಲ. ತಣ್ಣಗೆ ಮಾಡಿ, ಸ್ಟ್ರಾ ಹಾಕಿ ನಾಲಿಗೆಯ ಹಿಂಭಾಗಕ್ಕೆ ಎಳೆದುಕೊಂಡರೆ ಸ್ವಲ್ಪ ವಾಸಿ. ವಾಂತಿ ಬರುವ ಹಾಗಾದರೆ ಅರ್ಧ ಗಂಟೆ ನಿಲ್ಲಿಸಿ ಮುಂದುವರಿಸಿ. ಗುದದ ಸುತ್ತ ಮೊದಲೇ ವ್ಯಾಸಲೀನ್ ಹಚ್ಚಿಕೊಳ್ಳಿ. ಮೂಲವ್ಯಾಧಿ ಇರುವ ನಿಮಗೆ ಇದು ಬೇಕೇ ಬೇಕು. ಕೊನೆಗೆ ಹೋಗುವುದು ತಿಳಿ ಹಳದಿ ನೀರಿನ ಹಾಗಿದ್ದು, ತಳ ಕಾಣುವಂತಿದ್ದರೆ ತಯಾರಿ ಸರಿಯಾಗಿದೆ. ಕಂದು ಬಣ್ಣ ಇನ್ನೂ ಇದ್ದರೆ ಹೊರಡುವ ಮುಂಚೆ ಫೋನ್ ಮಾಡಿ ತಿಳಿಸಿ.

ಹಿಂದಿನ ಒಂದೆರಡು ದಿನ ಬೀಜ, ಸಿಪ್ಪೆ, ನಾರು ಇರುವ ಆಹಾರ ಬಿಡಿ. ಒಂದೊಂದು ಸಣ್ಣ ಬೀಜ ಬಂದು ಹೀರುವ ನಳಿಗೆಗೆ ಸಿಕ್ಕಿಕೊಂಡರೆ ನಮ್ಮ ಹತ್ತು ನಿಮಿಷ ಅದಕ್ಕೇ ಹೋಗುತ್ತದೆ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಒಂದು ವಾರ ಮೊದಲು ನಿಲ್ಲಿಸಿ, ಅದು ಮಲವನ್ನು ಕಪ್ಪಗೆ ಅಂಟು ಮಾಡುತ್ತದೆ. ರಕ್ತ ತೆಳು ಮಾಡುವ ಮಾತ್ರೆಯನ್ನು ಮಾತ್ರ ನೀವಾಗೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಸಕ್ಕರೆ ಕಾಯಿಲೆಯ ಔಷಧ, ತೂಕ ಇಳಿಸುವ ಇಂಜೆಕ್ಷನ್, ಕಿಡ್ನಿ ತೊಂದರೆ, ಹಳೆಯ ಮಲಬದ್ಧತೆ, ಇವುಗಳಲ್ಲಿ ಏನಿದ್ದರೂ ಮೊದಲೇ ಹೇಳಿ. ಔಷಧದ ಆಯ್ಕೆಯೇ ಬದಲಾಗುತ್ತದೆ.

ಎಐ ವಿಷಯಕ್ಕೆ ಬರೋಣ. ಪರದೆಯ ಮೇಲೆ ಪಾಲಿಪ್ ಅನಿಸಿದ ಕಡೆ ಒಂದು ಚೌಕ ಮೂಡುತ್ತದೆ, ಜೊತೆಗೆ ಕೆಲವು ಯಂತ್ರಗಳಲ್ಲಿ ಟಿಂಗ್ ಎಂದು ಸದ್ದು. ಚೀನಾದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಡಿಆರ್ 20.3%ರಿಂದ 29.1%ಕ್ಕೆ ಏರಿತು. ಆಮೇಲಿನ ಎಷ್ಟೋ ಪ್ರಯೋಗಗಳಲ್ಲೂ ಏರಿದೆ. ಆದರೆ ಹೆಚ್ಚಾಗಿ ಸಿಕ್ಕಿದ್ದು ಅರ್ಧ ಸೆಂಟಿಮೀಟರ್‌ಗಿಂತ ಚಿಕ್ಕ ಪಾಲಿಪ್‌ಗಳು. ಅವುಗಳಲ್ಲಿ ಬಹುಪಾಲು ಹೇಗೂ ಕ್ಯಾನ್ಸರ್ ಆಗುತ್ತಿರಲಿಲ್ಲ. ಎಐ ಬಳಸಿದ್ದರಿಂದ ಸಾವು ಕಡಿಮೆಯಾಯಿತು ಎಂದು ಯಾರೂ ಇನ್ನೂ ತೋರಿಸಿಲ್ಲ. ಇನ್ನೊಂದು ಸ್ವಾರಸ್ಯ: ಪೋಲೆಂಡಿನ ನಾಲ್ಕು ಕೇಂದ್ರಗಳಲ್ಲಿ ಎಐ ಬಂದ ಮೇಲೆ, ಅದೇ ವೈದ್ಯರು ಎಐ ಇಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಎಡಿಆರ್ 28.4%ರಿಂದ 22.4%ಕ್ಕೆ ಬಿದ್ದಿತ್ತು ಎಂದು 2025ರಲ್ಲಿ ವರದಿಯಾಯಿತು. ಚೌಕ ನೋಡಿ ಅಭ್ಯಾಸವಾದ ಕಣ್ಣು ತಾನಾಗಿ ಹುಡುಕುವುದನ್ನು ಬಿಟ್ಟಿತೋ ಏನೋ. ಅದೊಂದೇ ಅಧ್ಯಯನ, ತೀರ್ಮಾನಕ್ಕೆ ಸಾಲದು. ಆದರೆ ನನಗೆ ಅದು ಚುಚ್ಚಿತು, ಯಾಕೆಂದರೆ ಚೌಕಕ್ಕಾಗಿ ಕಾಯುವುದನ್ನು ನಾನೇ ಒಂದೆರಡು ಸಲ ಮಾಡಿದ್ದೇನೆ.

ಎಐ ನೋಡುವುದು ಕ್ಯಾಮೆರಾ ತೋರಿಸಿದ್ದನ್ನು ಮಾತ್ರ. ಮಡಿಕೆಯ ಹಿಂದೆ ಇಣುಕದಿದ್ದರೆ, ಲೋಳೆ ತೊಳೆಯದಿದ್ದರೆ ಚೌಕ ಮೂಡುವುದು ಎಲ್ಲಿ? ಒಳ್ಳೆಯ ವೈದ್ಯರ ಹತ್ತಿರ ಎಐ ಇದ್ದರೆ ಇರಲಿ. ಎಐ ಇದೆ ಎಂಬ ಒಂದೇ ಕಾರಣಕ್ಕೆ ವೈದ್ಯರನ್ನು ಬದಲಿಸಬೇಡಿ.

ರಕ್ತ ಪರೀಕ್ಷೆ ಮಾಡಿಸಿದರೆ ಸಾಲದಾ ಎಂದು ನಿಮ್ಮ ಮನಸ್ಸಿಗೆ ಬಂದಿದ್ದರೆ, ಸಾಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಒಪ್ಪಿದ ಶೀಲ್ಡ್ ಎಂಬ ರಕ್ತ ಪರೀಕ್ಷೆ ಕ್ಯಾನ್ಸರ್‌ಗಳಲ್ಲಿ 83% ಹಿಡಿಯಿತು, ಕ್ಯಾನ್ಸರ್‌ಗೆ ಮುಂಚಿನ ದೊಡ್ಡ ಪಾಲಿಪ್‌ಗಳಲ್ಲಿ 13% ಮಾತ್ರ. ಪಾಸಿಟಿವ್ ಬಂದರೆ ಅಲ್ಲೂ ಮುಂದಿನ ಹೆಜ್ಜೆ ಕೊಲೊನೋಸ್ಕೋಪಿಯೇ.

ಅಪಾಯ ಇಲ್ಲವೇ ಇಲ್ಲ ಎಂದು ಹೇಳುವವರನ್ನು ನಂಬಬೇಡಿ. ತಪಾಸಣೆಗಾಗಿ ಮಾಡಿದ 10 ಸಾವಿರ ಕೊಲೊನೋಸ್ಕೋಪಿಗಳಲ್ಲಿ ಸುಮಾರು 3ರಲ್ಲಿ ಕರುಳಿಗೆ ತೂತು ಬೀಳುತ್ತದೆ, ಸುಮಾರು 15ರಲ್ಲಿ ಗಮನಿಸಬೇಕಾದಷ್ಟು ರಕ್ತಸ್ರಾವ ಆಗುತ್ತದೆ. ಎಫ್‌ಐಟಿ ಪಾಸಿಟಿವ್ ಬಂದವರಲ್ಲಿ ಪಾಲಿಪ್ ತೆಗೆಯುವ ಕೆಲಸ ಜಾಸ್ತಿ, ಹಾಗಾಗಿ ಈ ಸಂಖ್ಯೆಯೂ ತುಸು ಜಾಸ್ತಿ. ದೊಡ್ಡ ಪಾಲಿಪ್ ತೆಗೆದಿದ್ದರೆ ಎರಡು ವಾರದ ತನಕ ರಕ್ತ ಬರುವ ಸಾಧ್ಯತೆ ಇರುತ್ತದೆ, ಆ ದಿನಗಳಲ್ಲಿ ದೂರದ ಪ್ರಯಾಣ ಬೇಡ. ಪರೀಕ್ಷೆಯ ಮೇಲೆ ಹೊಟ್ಟೆ ಉಬ್ಬರ ಮಾಮೂಲು, ಗಾಳಿ ಹೋದರೆ ಸರಿಹೋಗುತ್ತದೆ. ಏರುತ್ತಲೇ ಹೋಗುವ ಹೊಟ್ಟೆನೋವು, ಜ್ವರ, ಮಲದಲ್ಲಿ ರಕ್ತದ ಗಡ್ಡೆ, ಇದರಲ್ಲಿ ಯಾವುದಾದರೂ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ನೋವಿನ ಬಗ್ಗೆ ನೀವು ಕೇಳಲಿಲ್ಲ, ಆದರೆ ಬಹಳ ಜನ ಅದಕ್ಕೇ ಮುಂದೂಡುತ್ತಾರೆ. ನಿದ್ರೆ ಬರಿಸುವ ಇಂಜೆಕ್ಷನ್ ಕೊಟ್ಟು ಮಾಡಿದರೆ ಬಹುಪಾಲು ಮಂದಿಗೆ ಏನೂ ನೆನಪಿರುವುದಿಲ್ಲ. "ಯಾವಾಗ ಶುರು ಮಾಡ್ತೀರಿ?" ಎಂದು ಮುಗಿದ ಮೇಲೆ ಕೇಳುತ್ತಾರೆ. ಆ ದಿನ ಗಾಡಿ ಓಡಿಸಬೇಡಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.

ತೆಗೆದ ಪಾಲಿಪ್‌ನ ಲ್ಯಾಬ್ ವರದಿ (ಪ್ಯಾಥಾಲಜಿ ವರದಿ) ಬಂದ ಮೇಲೆ ಪದಗಳನ್ನು ನೋಡಿ ಗಾಬರಿ ಬೇಡ. ಹೈಪರ್‌ಪ್ಲಾಸ್ಟಿಕ್ ಎಂದಿದ್ದು, ಅದು ಚಿಕ್ಕದಾಗಿ ಗುದನಾಳದ ಹತ್ತಿರ ಇದ್ದರೆ ಮರೆತುಬಿಡಬಹುದು. ಟ್ಯುಬುಲರ್ ಅಡೆನೋಮಾ ಕ್ಯಾನ್ಸರ್ ಅಲ್ಲ. ಒಂದು ಸೆಂಟಿಮೀಟರ್‌ಗಿಂತ ಚಿಕ್ಕವು ಒಂದೆರಡು ಸಿಕ್ಕಿದ್ದರೆ ಅಮೆರಿಕದ ಸೂಚನೆಯಂತೆ ಮುಂದಿನ ಪರೀಕ್ಷೆ 7ರಿಂದ 10 ವರ್ಷಕ್ಕೆ. ಒಂದು ಸೆಂಟಿಮೀಟರ್ ಅಥವಾ ಹೆಚ್ಚು, ಇಲ್ಲವೇ ವಿಲ್ಲಸ್, ಹೈ ಗ್ರೇಡ್ ಡಿಸ್‌ಪ್ಲೇಸಿಯಾ ಎಂಬ ಪದ ಇದ್ದರೆ 3 ವರ್ಷಕ್ಕೆ. ಎಲ್ಲರನ್ನೂ ವರ್ಷ ವರ್ಷ ಕರೆಯುವ ಪದ್ಧತಿಗೆ ಯಾವ ಆಧಾರವೂ ಇಲ್ಲ. ಹಾಗೆ ಕರೆದರೆ ಯಾಕೆ ಎಂದು ಕೇಳಿ. ಕರುಳು ಕ್ಲೀನಾಗಿದ್ದು, ಪೂರ್ತಿ ನೋಡಿ, ಏನೂ ಸಿಗದಿದ್ದರೆ ಹತ್ತು ವರ್ಷ ಎಫ್‌ಐಟಿಯೂ ಬೇಕಿಲ್ಲ. ಆದರೆ ನಡುವೆ ತೂಕ ಇಳಿದರೆ, ರಕ್ತ ಕಡಿಮೆಯಾದರೆ, ಮಲ ಹೋಗುವ ರೀತಿ ಬದಲಾಗಿ ಹಾಗೇ ಉಳಿದರೆ ಆ ಹತ್ತು ವರ್ಷದ ಲೆಕ್ಕ ಹಿಡಿದು ಕೂರಬೇಡಿ.

ನಿಮ್ಮ ತಮ್ಮನಿಗೆ ಈಗ 44. ಅವರ ಉತ್ತರ ನಿಮ್ಮ ವರದಿಯಲ್ಲಿದೆ. ನಿಮ್ಮಲ್ಲಿ ಕ್ಯಾನ್ಸರ್ ಆಗಲಿ, ಮೇಲೆ ಹೇಳಿದ 3 ವರ್ಷದ ಗುಂಪಿನ ಅಡೆನೋಮಾ ಆಗಲಿ ಸಿಕ್ಕರೆ, 60 ವರ್ಷದೊಳಗೆ ಸಿಕ್ಕ ಲೆಕ್ಕವಾಗುತ್ತದೆ. ಆಗ ಒಡಹುಟ್ಟಿದವರಿಗೆ 40 ವರ್ಷಕ್ಕೇ, ಅಥವಾ ನಿಮಗೆ ಸಿಕ್ಕ ವಯಸ್ಸಿಗಿಂತ 10 ವರ್ಷ ಮೊದಲೇ, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಶುರುವಾಗಬೇಕು, 5 ವರ್ಷಕ್ಕೊಮ್ಮೆ. ಅಂದರೆ ಅವರು ಈಗಲೇ ಮಾಡಿಸಬೇಕಾಗುತ್ತದೆ. ಒಂದೆರಡು ಚಿಕ್ಕ ಅಡೆನೋಮಾ ಮಾತ್ರ ಸಿಕ್ಕರೆ, ಅಥವಾ ಏನೂ ಸಿಗದಿದ್ದರೆ, ಅವರೂ ಎಲ್ಲರ ಹಾಗೆ 45ಕ್ಕೋ 50ಕ್ಕೋ ಎಫ್‌ಐಟಿಯಿಂದ ಶುರು ಮಾಡಬಹುದು. ಶುರುವಿನ ವಯಸ್ಸು ದೇಶದಿಂದ ದೇಶಕ್ಕೆ ಬೇರೆ, ಅಮೆರಿಕದಲ್ಲಿ 2021ರಿಂದ 45. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದವರು ಇನ್ನೂ ಇದ್ದರೆ ಲಿಂಚ್ ಸಿಂಡ್ರೋಮ್ ಎಂಬ ವಂಶವಾಹಿ ತೊಂದರೆಯನ್ನೂ ನೋಡಬೇಕು, ಅದರ ಲೆಕ್ಕವೇ ಬೇರೆ. ಕೊಲೊನೋಸ್ಕೋಪಿ ವರದಿ ಮತ್ತು ಪ್ಯಾಥಾಲಜಿ ವರದಿ ಎರಡರ ಜೆರಾಕ್ಸ್ ತೆಗೆಸಿ ತಮ್ಮನ ಕೈಗೆ ಕೊಡಿ. "ಅಣ್ಣಂಗೆ ಏನೋ ಪಾಲಿಪ್ ಇತ್ತಂತೆ" ಎಂದಷ್ಟೇ ಹೇಳಿದರೆ, ಎದುರು ಕೂತ ಡಾಕ್ಟರಿಗೆ ಯಾವ ದಾರಿ ಹಿಡಿಯಬೇಕು ಎಂದೇ ಗೊತ್ತಾಗುವುದಿಲ್ಲ.